ಕ್ರಿಯಾಟಿನಿನ್ ಪಕ್ಕದಲ್ಲಿ ಇನ್ನೂ ಎರಡು ಅಂಕಿ ಬೇಕು

ಮಾನ್ಯ ಸಂಪಾದಕರೇ,

ಕಿಡ್ನಿ ಸಂಶೋಧನೆಯ ಸುದ್ದಿ ಈಗ ಕನ್ನಡ ಪತ್ರಿಕೆಗಳಲ್ಲೂ ಆಗಾಗ ಕಾಣುತ್ತದೆ. 2024ರ ಮಾರ್ಚ್‌ನಲ್ಲಿ ಬಾಸ್ಟನ್‌ನ ವೈದ್ಯರು ವಂಶವಾಹಿ ತಿದ್ದಿದ ಹಂದಿಯ ಕಿಡ್ನಿಯನ್ನು ಜೀವಂತ ಮನುಷ್ಯನಿಗೆ ಜೋಡಿಸಿದ್ದು ಎಲ್ಲರಿಗೂ ತಿಳಿದಿದೆ. ಅಂಥ ಸುದ್ದಿ ಬರಲಿ. ಆದರೆ ಎಷ್ಟೋ ವರ್ಷಗಳ ಹಿಂದೆಯೇ ಇತ್ಯರ್ಥವಾದ ವಿಜ್ಞಾನ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಲ್ಯಾಬ್ ಚೀಟಿಯವರೆಗೆ ಇನ್ನೂ ಬಂದು ಮುಟ್ಟಿಲ್ಲ. ಇಲ್ಲಿನ ಎಷ್ಟೋ ಚೀಟಿಗಳಲ್ಲಿ ಕಿಡ್ನಿಯ ಹೆಸರಿನಲ್ಲಿ ಇರುವುದು ಒಂದೇ ಸಾಲು: ಸೀರಮ್ ಕ್ರಿಯಾಟಿನಿನ್ ಇಷ್ಟು, ಮಿತಿ ಇಷ್ಟರಿಂದ ಇಷ್ಟು. ಅಂಕಿ ಮಿತಿಯೊಳಗಿದ್ದರೆ 'ಕಿಡ್ನಿಗೆ ಏನೂ ಇಲ್ಲ' ಎಂದು ಮನೆಗೆ ಹೋಗುತ್ತಾರೆ. ಕ್ರಿಯಾಟಿನಿನ್ ಎಂದರೆ ಸ್ನಾಯುಗಳಲ್ಲಿ ಹುಟ್ಟಿ, ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ಕಸ. ಈ ಪತ್ರ ಆ ಒಂದು ಸಾಲಿನ ಬಗ್ಗೆ, ಅದರ ಜೊತೆಗೆ ಬೇಕಾದ ಇನ್ನೆರಡು ಅಂಕಿಗಳ ಬಗ್ಗೆ: ಕಿಡ್ನಿ ಸೋಸುವ ವೇಗ ಹೇಳುವ ಇಜಿಎಫ್‌ಆರ್, ಮೂತ್ರಕ್ಕೆ ಸೋರುವ ಪ್ರೋಟೀನ್ ಹೇಳುವ ಎಸಿಆರ್.

ಕ್ರಿಯಾಟಿನಿನ್ ಡೆಸಿಲೀಟರಿಗೆ 1.2 ಮಿಲಿಗ್ರಾಂ ಎಂದು ಇಬ್ಬರ ಚೀಟಿಯಲ್ಲಿ ಬಂದಿದೆ ಎಂದುಕೊಳ್ಳಿ. ಒಬ್ಬ ಅಡಿಕೆ ಮರ ಹತ್ತುವ 25ರ ಯುವಕ, ಇನ್ನೊಬ್ಬರು ಬೀಡಿ ಕಟ್ಟುವ 60ರ ಮಹಿಳೆ. ಕಿಡ್ನಿ ಸೋಸುವ ವೇಗವನ್ನು ಅಂದಾಜಿಸುವ, 2021ರಲ್ಲಿ ಪರಿಷ್ಕರಿಸಿದ ಸಿಕೆಡಿ-ಎಪಿ ಸೂತ್ರ ಈಗ ಬಹಳ ಕಡೆ ಬಳಕೆಯಲ್ಲಿದೆ. ಅದರ ಲೆಕ್ಕ ಹೀಗೆ. ಕ್ರಿಯಾಟಿನಿನ್ ಅಂಕಿಯನ್ನು ಗಂಡಸರಿಗೆ 0.9ರಿಂದ, ಹೆಂಗಸರಿಗೆ 0.7ರಿಂದ ಭಾಗಿಸಬೇಕು. ಭಾಗಲಬ್ಧ 1ಕ್ಕಿಂತ ಹೆಚ್ಚಿದ್ದರೆ ಅದನ್ನು ಋಣ 1.2ರ ಘಾತಕ್ಕೆ ಏರಿಸಿ 142ರಿಂದ ಗುಣಿಸಬೇಕು. ಅದನ್ನು 0.9938ರ ವಯಸ್ಸಿನಷ್ಟು ಘಾತದಿಂದ ಮತ್ತೆ ಗುಣಿಸಬೇಕು. ಹೆಂಗಸರಿಗಾದರೆ ಕೊನೆಗೆ 1.012ರಿಂದಲೂ. ಯುವಕನಿಗೆ ಬರುವ ಉತ್ತರ ನಿಮಿಷಕ್ಕೆ ಸುಮಾರು 86 ಮಿಲಿಲೀಟರ್, ಆ ಮಹಿಳೆಗೆ ಸುಮಾರು 52. ಇದಕ್ಕೆ ಇಜಿಎಫ್‌ಆರ್ ಎನ್ನುತ್ತಾರೆ: ಎರಡೂ ಕಿಡ್ನಿ ಸೇರಿ ನಿಮಿಷಕ್ಕೆ ಎಷ್ಟು ದ್ರವ ಸೋಸುತ್ತವೆ ಎಂಬ ಅಂದಾಜು. ಅದು 60ಕ್ಕಿಂತ ಕೆಳಗೆ ಮೂರು ತಿಂಗಳು ನಿಂತರೆ ದೀರ್ಘಕಾಲಿಕ ಕಿಡ್ನಿ ರೋಗ ಎಂದೇ ವೈದ್ಯಶಾಸ್ತ್ರ ಹೆಸರಿಡುತ್ತದೆ. ಅಂಕಿ ಒಂದೇ ಆಗಿದ್ದರೂ ಒಬ್ಬರಿಗೆ ರೋಗವಿಲ್ಲ, ಒಬ್ಬರಿಗೆ ಇರಬಹುದು. ವಯಸ್ಸು, ಲಿಂಗ ಎರಡೂ ಚೀಟಿಯ ತಲೆಯಲ್ಲೇ ಇರುವುದರಿಂದ ಲ್ಯಾಬಿನ ಕಂಪ್ಯೂಟರಿಗೆ ಇದು ಕ್ಷಣದ ಕೆಲಸ. ಹೊಸ ಯಂತ್ರವೂ ಬೇಡ, ಹೆಚ್ಚಿನ ರಕ್ತವೂ ಬೇಡ.

ಈ ಸೂತ್ರದ ಬುಡದಲ್ಲಿರುವುದು ಒಂದು ಅವಕಲ ಸಮೀಕರಣ, ಅಂದರೆ ಒಂದು ಮಟ್ಟ ಎಷ್ಟು ವೇಗದಲ್ಲಿ ಬದಲಾಗುತ್ತದೆ ಎಂದು ಹೇಳುವ ಸಮೀಕರಣ. ಹನ್ನೆರಡನೇ ತರಗತಿಯಲ್ಲಿ ಗಣಿತ ಓದುವ ಮಕ್ಕಳು ಅದನ್ನು ಬಿಡಿಸುತ್ತಾರೆ. ಅದಕ್ಕೂ ಮನೆಯ ಅಜ್ಜಿಯ ರಕ್ತಕ್ಕೂ ನಂಟಿದೆ ಎಂದು ಅವರಿಗೆ ಯಾರೂ ಹೇಳುವುದಿಲ್ಲ. ಸುರಂಗದ ನೀರು ಕುಡಿದ ನಮ್ಮ ಸೀಮೆಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ನೀರು ಹಗಲಿರುಳೂ ಒಂದೇ ಹದದಲ್ಲಿ ಟ್ಯಾಂಕಿಗೆ ಬೀಳುತ್ತಿರುತ್ತದೆ. ಟ್ಯಾಂಕಿಯ ಬುಡದಲ್ಲೊಂದು ತೂಬು. ನೀರು ಏರಿದಷ್ಟೂ ತೂಬಿನಲ್ಲಿ ಹೊರಗೆ ಹೋಗುವುದೂ ಹೆಚ್ಚು. ಒಳಗೆ ಬರುವುದೂ ಹೊರಗೆ ಹೋಗುವುದೂ ಸಮವಾದಲ್ಲಿ ಮಟ್ಟ ನಿಲ್ಲುತ್ತದೆ. ಸ್ನಾಯುಗಳಿಂದ ಸದಾ ಹುಟ್ಟುವ ಕ್ರಿಯಾಟಿನಿನ್ ಸುರಂಗದ ನೀರು, ಮೈಯ ನೀರಿನಂಶ ಟ್ಯಾಂಕಿ, ಕಿಡ್ನಿ ತೂಬು. ಮಟ್ಟ ಏರುವ ವೇಗವನ್ನು ಟ್ಯಾಂಕಿಯ ಗಾತ್ರದಿಂದ ಗುಣಿಸಿದರೆ, ಅದು ಒಳಹರಿವಿನಲ್ಲಿ ಹೊರಹರಿವು ಕಳೆದಷ್ಟು. ಸಮೀಕರಣ ಇಷ್ಟೇ. (ನಿಜದ ಟ್ಯಾಂಕಿಯಲ್ಲಿ ಹೊರಹರಿವು ನೀರಿನ ಎತ್ತರದ ವರ್ಗಮೂಲಕ್ಕೆ ತಕ್ಕಂತೆ; ರಕ್ತದಲ್ಲಿ ಮಟ್ಟಕ್ಕೆ ನೇರ ಅನುಪಾತದಲ್ಲಿ. ಕಿಡ್ನಿಯ ಲೆಕ್ಕವೇ ಸುಲಭ.)

ಇದರಿಂದ ಎರಡು ಮಾತು ಹೊರಡುತ್ತವೆ. ಮೊದಲನೆಯದು: ಕಿಡ್ನಿಯ ತೂಬು ಅರ್ಧ ಕಟ್ಟಿದರೆ ಮಟ್ಟ ಎರಡು ಪಟ್ಟಾಗಿ ನಿಲ್ಲುತ್ತದೆ. ಸೋಸುವ ಶಕ್ತಿ 100ರಿಂದ 50ಕ್ಕೆ ಇಳಿದರೆ ಕ್ರಿಯಾಟಿನಿನ್ 0.8ರಿಂದ 1.6ಕ್ಕೆ, 50ರಿಂದ 25ಕ್ಕೆ ಇಳಿದರೆ 1.6ರಿಂದ 3.2ಕ್ಕೆ. ಮೊದಲ 50 ಕಳೆದುಕೊಂಡಾಗ ಅಂಕಿ ಏರಿದ್ದು 0.8 ಮಾತ್ರ, ಆಮೇಲೆ 25 ಕಳೆದುಕೊಂಡಾಗ ಏರಿದ್ದು 1.6. ದೊಡ್ಡ ನಷ್ಟವಾಗುವುದು ಅಂಕಿ ಮೆಲ್ಲಗೆ ಏರುವ ಹೊತ್ತಿನಲ್ಲಿ. ಅದಕ್ಕೇ 0.8 ಇದ್ದದ್ದು 1.1 ಆಗಿದೆ ಎಂದರೆ, ಎರಡೂ ಮಿತಿಯೊಳಗೇ ಇದ್ದರೂ, ನಿಂತು ನೋಡಬೇಕು. ಹಳೆಯ ಚೀಟಿಗಳನ್ನು ಎಸೆಯಬಾರದು ಎನ್ನುವುದು ಇದೇ ಕಾರಣಕ್ಕೆ.

ಎರಡನೆಯ ಮಾತು ಮಳೆಗಾಲಕ್ಕೆ ಸಂಬಂಧಿಸಿದ್ದು. ಗದ್ದೆ, ತೋಟ, ತೋಡಿನ ಕೆಸರಿನಲ್ಲಿ ಕಾಲಿನ ಗಾಯದ ಮೂಲಕ ಒಳಹೊಗುವ ಇಲಿಜ್ವರ ಕಿಡ್ನಿಯನ್ನು ಒಂದೆರಡು ದಿನದಲ್ಲೇ ಕೆಡಿಸಬಲ್ಲದು. ಮೈಯಲ್ಲಿ 40 ಲೀಟರ್ ನೀರಿನಂಶವಿರುವ 40 ವರ್ಷದ ಗಂಡಸು, ಕ್ರಿಯಾಟಿನಿನ್ 1.0, ಸೋಸುವಿಕೆ 100. ಅದು ಇದ್ದಕ್ಕಿದ್ದಂತೆ 10ಕ್ಕೆ ಕುಸಿಯಿತು ಎನ್ನೋಣ. ಸಮೀಕರಣ ಬಿಡಿಸಿದರೆ ಕ್ರಿಯಾಟಿನಿನ್ ಕೊನೆಗೆ ಮುಟ್ಟಬೇಕಾದದ್ದು 10.0. ಆದರೆ ಅಲ್ಲಿಗೆ ಮುಟ್ಟಲು ದಿನಗಳೇ ಬೇಕು: 6 ಗಂಟೆಗೆ ಸುಮಾರು 1.8, 12 ಗಂಟೆಗೆ 2.5, 24 ಗಂಟೆಗೆ 3.7, 48 ಗಂಟೆಗೆ 5.6. ಆ ನಡುವಿನ ಅಂಕಿಗಳನ್ನು ಇಜಿಎಫ್‌ಆರ್ ಸೂತ್ರಕ್ಕೆ ಹಾಕಿದರೆ 6 ಗಂಟೆಗೆ 49, 12 ಗಂಟೆಗೆ 33, 24 ಗಂಟೆಗೆ 20 ಎಂದು ಬರುತ್ತದೆ. ಅಷ್ಟು ಹೊತ್ತೂ ನಿಜ 10. ಮಟ್ಟ ನಿಂತಿರುವಾಗ ಮಾತ್ರ ಆ ಸೂತ್ರ ಸಲ್ಲುತ್ತದೆ. ಏರುತ್ತಿರುವಾಗ ಸುಳ್ಳು ಸಮಾಧಾನ ಕೊಡುತ್ತದೆ. ಇಳಿಯುವಾಗ ತದ್ವಿರುದ್ಧ: ಕಿಡ್ನಿ ಚೇತರಿಸಿಕೊಂಡಿದ್ದರೂ ಅಂಕಿ ಸ್ವಲ್ಪ ಕಾಲ ಹೆದರಿಸುತ್ತಲೇ ಇರುತ್ತದೆ. ಏರಿಳಿತದ ವೇಗವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವ 'ಕೈನೆಟಿಕ್ ಜಿಎಫ್‌ಆರ್' ವಿಧಾನವನ್ನು ಶೆಲ್ಡನ್ ಚೆನ್ 2013ರಲ್ಲಿ ಪ್ರಕಟಿಸಿದರು. ಅದೂ ಇದೇ ಟ್ಯಾಂಕಿಯ ಸಮೀಕರಣದಿಂದ ಹೊರಟದ್ದು.

ಹಾಗಾಗಿ ಜ್ವರ, ಮೈಕೈ ನೋವು, ಕಣ್ಣು ಕೆಂಪು ಎಂದು ಬಂದವರಲ್ಲಿ ಒಂದು ಸಲದ ಕ್ರಿಯಾಟಿನಿನ್ ಸಾಲದು. 12ರಿಂದ 24 ಗಂಟೆಯೊಳಗೆ ಇನ್ನೊಂದು ಬೇಕು. 48 ಗಂಟೆಯಲ್ಲಿ 0.3 ಏರಿದರೂ ಅದು ತೀವ್ರ ಕಿಡ್ನಿ ಹಾನಿ, ಅಂಕಿ 1.1ರಿಂದ 1.4 ಅಷ್ಟೇ ಆಗಿರಲಿ. ಮೂತ್ರ ಅಳೆಯುವುದಂತೂ ಮನೆಯವರೂ ಮಾಡಬಹುದಾದ ಕೆಲಸ: 60 ಕಿಲೋ ತೂಕದವರಿಗೆ 6 ಗಂಟೆಯಲ್ಲಿ 180 ಮಿಲಿಲೀಟರಿಗಿಂತ ಕಡಿಮೆಯಾದರೆ ಕಾಯಬಾರದು. ಆದರೆ ಮೂತ್ರ ಚೆನ್ನಾಗಿ ಹೋಗುತ್ತಿದೆ ಎಂದು ನಿಶ್ಚಿಂತರಾಗುವಂತೆಯೂ ಇಲ್ಲ. ಇಲಿಜ್ವರದ ಕಿಡ್ನಿ ಹಾನಿಯಲ್ಲಿ ಮೂತ್ರದ ಪ್ರಮಾಣ ಕುಗ್ಗದೇ ಇರುವುದು, ಪೊಟ್ಯಾಶಿಯಂ ಏರುವ ಬದಲು ಇಳಿಯುವುದು ಸಾಮಾನ್ಯ. ಕೆಸರಿನಲ್ಲಿ ದುಡಿಯುವವರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ನುಂಗಲು ಕೇರಳದ ಆರೋಗ್ಯ ಇಲಾಖೆ ಹೇಳುವುದು ಸುಮ್ಮನೆ ಅಲ್ಲ.

ಕ್ರಿಯಾಟಿನಿನ್ ದಾರಿ ತಪ್ಪಿಸುವ ಇನ್ನೂ ಕೆಲವು ಸಂದರ್ಭಗಳಿವೆ. ಹಿಂದಿನ ರಾತ್ರಿ ಮಾಂಸ ಹೆಚ್ಚು ತಿಂದರೆ ಏರುತ್ತದೆ. ಜಿಮ್ಮಿಗೆ ಹೋಗುವ ಹುಡುಗರ ಕ್ರಿಯಾಟಿನ್ ಪುಡಿಯಿಂದ ಏರುತ್ತದೆ. ಸೋಂಕಿಗೆ ಕೊಡುವ ಕೋಟ್ರಿಮಾಕ್ಸಜೋಲ್ ಮಾತ್ರೆಯಿಂದ, ಸೋಸುವಿಕೆ ಕೆಡದೆಯೂ, ಏರುತ್ತದೆ. ಸ್ನಾಯು ಕರಗಿದ ವೃದ್ಧರಲ್ಲಿ, ಬಹುಕಾಲ ಹಾಸಿಗೆ ಹಿಡಿದವರಲ್ಲಿ ಕಿಡ್ನಿ ಕೆಟ್ಟಿದ್ದರೂ ಕೆಳಗೇ ಉಳಿಯುತ್ತದೆ. ಸುರಂಗದ ಒಳಹರಿವೇ ಬತ್ತಿದರೆ ತೂಬು ಕಟ್ಟಿದ್ದು ಟ್ಯಾಂಕಿಯಲ್ಲಿ ಗೊತ್ತಾಗುವುದಿಲ್ಲ. ಅಂಥವರಿಗೆ ಸ್ನಾಯುವನ್ನು ಅಷ್ಟಾಗಿ ಅವಲಂಬಿಸದ ಸಿಸ್ಟಾಟಿನ್-ಸಿ ಎಂಬ ರಕ್ತಪರೀಕ್ಷೆ ಇದೆ. ಕ್ರಿಯಾಟಿನಿನ್ ಅಳೆಯುವ ಹಳೆಯ ಜಾಫೆ ವಿಧಾನದಲ್ಲಿ ಕಾಮಾಲೆಯ ಹಳದಿ ವಸ್ತುವಾದ ಬಿಲಿರುಬಿನ್ ಅಂಕಿಯನ್ನು ಕೆಳಗೆಳೆಯುತ್ತದೆ, ಮತ್ತು ಇಲಿಜ್ವರದಲ್ಲಿ ಕಾಮಾಲೆ ಜೊತೆಗೇ ಬರಬಹುದು. ಚೀಟಿಯಲ್ಲಿ ಯಾವ ವಿಧಾನ ಎಂದು ಬರೆಯಬೇಕು ಎಂಬುದು ಇದಕ್ಕೆ.

ಈಗ ಜೀವಕೋಶದ ಕಡೆಗೆ. ಒಂದೊಂದು ಕಿಡ್ನಿಯಲ್ಲಿ ಸರಾಸರಿ 10 ಲಕ್ಷದಷ್ಟು ನೆಫ್ರಾನ್‌ಗಳು, ಅಂದರೆ ಸೋಸುಗ ಮತ್ತು ಅದಕ್ಕಂಟಿದ ಸಣ್ಣ ನಾಳ ಸೇರಿದ ಘಟಕಗಳು. ಪ್ರತಿಯೊಂದರ ಸೋಸುಗದ ಮೇಲೆ ಬೆರಳು ಹೆಣೆದಂತೆ ಕೂತಿರುವ ಪೋಡೋಸೈಟ್ ಎಂಬ ಕೋಶಗಳು. ಅವು ಬೆಳೆದ ಮೇಲೆ ಮತ್ತೆ ವಿಭಜಿಸುವುದಿಲ್ಲ ಎಂದೇ ಹೇಳಬೇಕು, ಉದುರಿದವು ಉದುರಿದವೇ. ಬೆರಳುಗಳ ನಡುವಿನ ಸಂದಿಯನ್ನು ಹೊಲಿದಿರುವ ನೆಫ್ರಿನ್ ಎಂಬ ಪ್ರೋಟೀನನ್ನು 1998ರಲ್ಲಿ ಗುರುತಿಸಿದರು. ಮಕ್ಕಳ ಮುಖ, ಕಾಲು ಬಾತು ಮೂತ್ರದಲ್ಲಿ ಪ್ರೋಟೀನ್ ಹರಿದುಹೋಗುವ ನೆಫ್ರೋಟಿಕ್ ಕಾಯಿಲೆಗೆ ಕಾರಣ ಏನೆಂದು ಬಹುಕಾಲ ತಿಳಿದಿರಲಿಲ್ಲ. 2024ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನದಲ್ಲಿ, ಕಾಯಿಲೆ ಸಕ್ರಿಯವಾಗಿದ್ದು ಇನ್ನೂ ಮದ್ದು ಆರಂಭಿಸದ ಮಕ್ಕಳಲ್ಲಿ ಶೇಕಡಾ 90ರಷ್ಟು ಜನರ ರಕ್ತದಲ್ಲಿ ಇದೇ ನೆಫ್ರಿನ್ ವಿರುದ್ಧದ ಪ್ರತಿಕಾಯಗಳು ಸಿಕ್ಕಿದವು. ದೇಹವೇ ತನ್ನ ಸೋಸುಗದ ಹೊಲಿಗೆ ಬಿಚ್ಚುತ್ತಿತ್ತು.

ಇನ್ನೂ ಹತ್ತಿರದ ಸಂಶೋಧನೆಯೊಂದು ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನಿಂದ ಬಂದಿದೆ. 2021ರ ಜುಲೈಯಿಂದ 2023ರ ಸೆಪ್ಟೆಂಬರ್ ತನಕ ಅಲ್ಲಿಗೆ ಬಂದ, ಸೋಸುಗದ ಪೊರೆ ಕೆಟ್ಟು ಪ್ರೋಟೀನ್ ಸೋರುವ ಮೆಂಬ್ರೇನಸ್ ನೆಫ್ರೋಪತಿಯ 22 ರೋಗಿಗಳಲ್ಲಿ 15 ಮಂದಿಯ ಸೋಸುಗದಲ್ಲಿ ನೆಲ್-1 ಎಂಬ ಪ್ರೋಟೀನ್ ಕಂಡಿತು. ಆ 15ರಲ್ಲಿ 13 ಮಂದಿ ಮುಖ ಬೆಳ್ಳಗಾಗಿಸುವ ಕ್ರೀಮ್ ಹಚ್ಚುತ್ತಿದ್ದವರು. ಕ್ರೀಮುಗಳಲ್ಲಿದ್ದದ್ದು ಪಾದರಸ. ಕ್ರೀಮ್ ಬಿಟ್ಟ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. ಇಂಥವರಲ್ಲಿ ಮೊದಲಿಗೆ ಕ್ರಿಯಾಟಿನಿನ್ ಸರಿಯಾಗಿಯೇ ಇರುತ್ತದೆ, ಏಕೆಂದರೆ ಸೋಸುಗದ ವೇಗ ಕುಂದಿಲ್ಲ, ತೂತು ದೊಡ್ಡದಾಗಿದೆ. ಅದನ್ನು ಹಿಡಿಯುವುದು ಮೂತ್ರಕ್ಕೆ ಸೋರುವ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನಿನ ಅಳತೆ. ಕಲಕಿದ ಮೊಟ್ಟೆಯಂಥ ನೊರೆ ಮೂತ್ರದಲ್ಲಿ ನಿಂತರೆ ಮನೆಯಲ್ಲಿರುವ ಕ್ರೀಮಿನ ಡಬ್ಬಿಯನ್ನೂ ವೈದ್ಯರ ಬಳಿಗೆ ಒಯ್ಯಬೇಕು. ತಯಾರಕರ ವಿಳಾಸವಿಲ್ಲದ, ವಿದೇಶದಿಂದ ಕೈಯಿಂದ ಕೈಗೆ ಬರುವ ಡಬ್ಬಿಗಳಾದರೆ ಇನ್ನೂ ಮುಖ್ಯ.

ಅದೇ ರೀತಿ ಬಿಂಬುಳಿ. ಕೊಲೆಸ್ಟ್ರಾಲ್ ಇಳಿಯುತ್ತದೆ ಎಂದು ಅದರ ರಸ ಹಿಂಡಿ ಕುಡಿದ ಹತ್ತು ಮಂದಿಗೆ ಕಿಡ್ನಿ ಹಠಾತ್ತನೆ ಕೆಟ್ಟ ವರದಿ 2013ರಲ್ಲಿ ಕೇರಳದಿಂದಲೇ ಪ್ರಕಟವಾಯಿತು. ಏಳು ಮಂದಿಗೆ ಡಯಾಲಿಸಿಸ್ ಬೇಕಾಯಿತು. ಹಣ್ಣಿನ ಆಕ್ಸಲೇಟ್ ಕ್ಯಾಲ್ಸಿಯಂ ಜೊತೆ ಸೇರಿ ಕಿಡ್ನಿಯೊಳಗಿನ ಸಣ್ಣ ನಾಳಗಳಲ್ಲಿ ಹರಳುಗಟ್ಟುತ್ತದೆ. ಸಾರಿಗೆ ನಾಲ್ಕು ಬಿಂಬುಳಿ ಹಾಕುವುದು ಬೇರೆ, ಖಾಲಿ ಹೊಟ್ಟೆಗೆ ಲೋಟಗಟ್ಟಲೆ ರಸ ಕುಡಿಯುವುದು ಬೇರೆ. ದಾರೆಹುಳಿಗೂ ಈ ಮಾತು ಸಲ್ಲುತ್ತದೆ. ಕಿಡ್ನಿ ಈಗಾಗಲೇ ಕುಂದಿದವರು ಅದನ್ನು ಮುಟ್ಟಲೇಬಾರದು, ಮೆದುಳಿಗೂ ವಿಷವಾಗುತ್ತದೆ.

ಈ ಸಣ್ಣ ನಾಳಗಳ ಕೋಶಗಳು ಪೋಡೋಸೈಟ್‌ಗಳಂತಲ್ಲ, ಪೆಟ್ಟು ತಿಂದ ಮೇಲೆ ವಿಭಜಿಸಿ ಜಾಗ ತುಂಬಿಕೊಳ್ಳುತ್ತವೆ. ಆದರೆ ಎಲ್ಲವೂ ಅಲ್ಲ. ವಿಭಜನೆಯ ನಡುದಾರಿಯಲ್ಲೇ ಸಿಕ್ಕಿಬಿದ್ದ ಕೋಶಗಳು ಸುತ್ತಲೂ ನಾರು ಬೆಳೆಸುವ ಸಂಕೇತ ಕಳಿಸುತ್ತವೆ ಎಂದು 2010ರಲ್ಲಿ ಬೊನ್‌ವೆಂತ್ರೆ ಅವರ ತಂಡ ಇಲಿಗಳಲ್ಲಿ ತೋರಿಸಿತು. ಇಲಿಜ್ವರವೋ ಬಿಂಬುಳಿಯೋ, ಕ್ರಿಯಾಟಿನಿನ್ 1.0ಕ್ಕೆ ಮರಳಿತು ಎಂದು ಕಡತ ಮುಚ್ಚುವಂತಿಲ್ಲ. ಮೂರು ತಿಂಗಳ ಮೇಲೆ ಮತ್ತೊಮ್ಮೆ ಇಜಿಎಫ್‌ಆರ್ ಮತ್ತು ಮೂತ್ರದ ಆಲ್ಬುಮಿನ್ ನೋಡಬೇಕು.

ಆ ಮೂತ್ರ ಪರೀಕ್ಷೆಯ ಹೆಸರು ಎಸಿಆರ್: ಆಲ್ಬುಮಿನನ್ನು ಮೂತ್ರದ ಕ್ರಿಯಾಟಿನಿನ್‌ನಿಂದ ಭಾಗಿಸಿದ್ದು. ಕಡ್ಡಿ ಅದ್ದಿ ನೋಡುವ ಪರೀಕ್ಷೆ ಸಾಂದ್ರತೆಯನ್ನಷ್ಟೇ ನೋಡುತ್ತದೆ. ಎರಡು ಲೋಟ ನೀರು ಕುಡಿದು ಬಂದರೆ ಸೋರಿಕೆ ಇದ್ದರೂ 'ಇಲ್ಲ' ಎನ್ನುತ್ತದೆ. ಕ್ರಿಯಾಟಿನಿನ್‌ನಿಂದ ಭಾಗಿಸಿದಾಗ ಆ ತೆಳುತನ ಕಳೆದುಹೋಗುತ್ತದೆ. ಬೆಳಗ್ಗಿನ ಮೊದಲ ಮೂತ್ರ ಉತ್ತಮ. ಜ್ವರ, ಮೂತ್ರದ ಸೋಂಕು, ಮುಟ್ಟು ಇರುವಾಗ, ಮೈಮುರಿದು ದುಡಿದ ಮರುದಿನ ಕೊಡಬಾರದು. ಅಂಕಿ ಸುಮ್ಮನೆ ಏರುತ್ತದೆ. ಗ್ರಾಂಗೆ 30 ಮಿಲಿಗ್ರಾಂ ದಾಟಿದರೆ ಮೂರರಿಂದ ಆರು ತಿಂಗಳೊಳಗೆ ಮತ್ತೆ ಮಾಡಿ, ಮೂರರಲ್ಲಿ ಎರಡು ಸಲ ಹಾಗೇ ಬಂದರೆ ನಿಜ ಎಂದು ತಿಳಿಯಬೇಕು. ಸಕ್ಕರೆ ಕಾಯಿಲೆ ಅಥವಾ ಬಿಪಿ ಇರುವ ಪ್ರತಿಯೊಬ್ಬರಿಗೂ ಇದು ವರ್ಷಕ್ಕೊಮ್ಮೆಯಾದರೂ ಬೇಕು. ಈಗ ಇದನ್ನು ಒತ್ತಿ ಹೇಳಲು ಕಾರಣವಿದೆ: ಸೋರಿಕೆ ಸಿಕ್ಕಿದರೆ ಕೊಡಲು ಮದ್ದಿದೆ. ಸಕ್ಕರೆ ಕಾಯಿಲೆಗೆಂದು ಬಂದ ಡಾಪಾಗ್ಲಿಫ್ಲೋಜಿನ್ ಮಾತ್ರೆಯನ್ನು 4,304 ಕಿಡ್ನಿ ರೋಗಿಗಳಲ್ಲಿ ಪರೀಕ್ಷಿಸಿದ 2020ರ ಅಧ್ಯಯನದಲ್ಲಿ ಕಿಡ್ನಿ ತೀವ್ರವಾಗಿ ಕೆಡುವ ಅಥವಾ ಕಿಡ್ನಿ, ಹೃದಯದ ಕಾರಣದಿಂದ ಸಾವು ಬರುವ ಅಪಾಯ ಶೇಕಡಾ 39ರಷ್ಟು ಇಳಿಯಿತು, ಸಕ್ಕರೆ ಕಾಯಿಲೆ ಇಲ್ಲದವರಲ್ಲೂ. ಭಾರತದಲ್ಲಿ ಅದರ ಮೊದಲ ಪೇಟೆಂಟ್ ಅದೇ ವರ್ಷ ಮುಗಿದು ಬೇರೆ ಬೇರೆ ಕಂಪನಿಗಳ ಮಾತ್ರೆಗಳು ಬಂದಿವೆ. ಶುರು ಮಾಡಿದಾಗ ಇಜಿಎಫ್‌ಆರ್ ಮೂರು ನಾಲ್ಕು ಅಂಕ ಇಳಿಯುವುದುಂಟು. ಅದನ್ನು ಕಂಡು ಹೆದರಿ ಬಿಟ್ಟುಬಿಡುವವರಿದ್ದಾರೆ. ಸೋಸುಗದ ಒಳಗಿನ ಒತ್ತಡ ತಗ್ಗಿದ್ದರ ಗುರುತು ಅದು. ಆದರೆ ವಾಂತಿ ಭೇದಿ ಇರುವ ದಿನಗಳಲ್ಲಿ, ಶಸ್ತ್ರಚಿಕಿತ್ಸೆಗೆ ಮುಂಚೆ ಮಾತ್ರೆ ನಿಲ್ಲಿಸಬೇಕು ಎಂದು ಕನ್ನಡದಲ್ಲಿ ಬರೆದುಕೊಡುವವರು ಬೇಕು.

ಕೊನೆಗೆ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರ ಮಾತು. ತಲಪಾಡಿ ದಾಟಿ ಮಂಗಳೂರಿಗೆ ಹೋಗುವವರಿರಲಿ, ಇಲ್ಲೇ ಮಾಡಿಸುವವರಿರಲಿ, 'ನಾಲ್ಕು ಗಂಟೆ ಯಂತ್ರಕ್ಕೆ ಹಾಕಿದರು' ಎನ್ನುವುದು ಅವರಿಗೆ ಗೊತ್ತು. ಎಷ್ಟು ಶುದ್ಧವಾಯಿತು ಎಂದು ಗೊತ್ತಿಲ್ಲ. ಅದೇ ಟ್ಯಾಂಕಿ, ಅದೇ ಸಮೀಕರಣ, ಈ ಸಲ ತೂಬು ಯಂತ್ರ. ಯಂತ್ರ ನಿಮಿಷಕ್ಕೆ ಶುದ್ಧಗೊಳಿಸುವ ರಕ್ತವನ್ನು ನಿಮಿಷಗಳಿಂದ ಗುಣಿಸಿ ಮೈಯ ನೀರಿನಿಂದ ಭಾಗಿಸಿದರೆ ಬರುವುದು ಕೆಟಿ ಬೈ ವಿ. ಗಾಚ್ ಮತ್ತು ಸಾರ್ಜೆಂಟ್ 1985ರಲ್ಲಿ ಇದನ್ನು ಡಯಾಲಿಸಿಸ್‌ನ ಅಳತೆಗೋಲಾಗಿ ನಿಲ್ಲಿಸಿದರು. ವಾರಕ್ಕೆ ಮೂರು ಸಲ ಮಾಡಿಸುವವರಿಗೆ ಪ್ರತಿ ಸಲ 1.4ರ ಗುರಿ, 1.2ಕ್ಕಿಂತ ಕೆಳಗೆ ಹೋಗಕೂಡದು. ಮೈಯಲ್ಲಿ 37 ಲೀಟರ್ ನೀರಿರುವ ಗಂಡಸಿಗೆ ನಿಮಿಷಕ್ಕೆ 180 ಮಿಲಿಲೀಟರ್ ಶುದ್ಧಿಯಂತೆ 4 ಗಂಟೆ ನಡೆದರೆ 1.17. ಬಸ್ಸು ತಪ್ಪುತ್ತದೆ ಎಂದು 3 ಗಂಟೆಗೇ ಇಳಿದರೆ 0.88. ವಾರಕ್ಕೆ ಎರಡೇ ಸಲ ಮಾಡಿಸುವವರಿಗೆ 1.2 ಸಾಕಾಗುವುದಿಲ್ಲ, ಸ್ವಂತ ಕಿಡ್ನಿಯಲ್ಲಿ ಇನ್ನೂ ಮೂತ್ರ ಚೆನ್ನಾಗಿ ಬರುತ್ತಿದ್ದರೆ ಮಾತ್ರ ಸರಿ.

ಡಯಾಲಿಸಿಸ್‌ಗೆ ಮೊದಲಿನ ಮತ್ತು ನಂತರದ ರಕ್ತದ ಯೂರಿಯಾ ಅಂಕಿ ಇದ್ದರೆ, ಕೆಟಿ ಬೈ ವಿಗೆ 1993ರ ಡೌಗಿರ್ದಾಸ್ ಸೂತ್ರದಿಂದ ಲೆಕ್ಕ ಬರುತ್ತದೆ. ಉದಾಹರಣೆಗೆ ಮೊದಲು 130, ನಂತರ 45, ಅವಧಿ 4 ಗಂಟೆ, ತೆಗೆದ ನೀರು 2.5 ಲೀಟರ್, ನಂತರದ ತೂಕ 60 ಕಿಲೋ: ಉತ್ತರ 1.27. ಇಲ್ಲಿ ಬೇಕಾದದ್ದು ಎರಡರ ಅನುಪಾತ ಮಾತ್ರ. ಆದ್ದರಿಂದ ಲ್ಯಾಬು ಯೂರಿಯಾ ಎಂದು ಕೊಟ್ಟರೂ ಯೂರಿಯಾ ನೈಟ್ರೋಜನ್ ಎಂದು ಕೊಟ್ಟರೂ ಸರಿ, ಎರಡು ಸಲವೂ ಒಂದೇ ಆಗಿದ್ದರಾಯಿತು.

ತಪ್ಪುವುದು ರಕ್ತ ತೆಗೆಯುವಲ್ಲಿ. ಮೊದಲಿನ ಮಾದರಿಯನ್ನು ಸಲೈನ್, ಹೆಪಾರಿನ್ ಸೇರುವ ಮುಂಚೆ ತೆಗೆಯಬೇಕು. ನಂತರದ್ದನ್ನು ತೆಗೆಯುವಾಗ ನೀರು ತೆಗೆಯುವುದನ್ನು ನಿಲ್ಲಿಸಿ, ಪಂಪನ್ನು ನಿಮಿಷಕ್ಕೆ 100 ಮಿಲಿಲೀಟರಿಗೆ ಇಳಿಸಿ, 15ರಿಂದ 30 ಸೆಕೆಂಡು ಬಿಟ್ಟು ಮೈಯಿಂದ ರಕ್ತ ಹೊರಬರುವ ಕೊಳವೆಯಿಂದ ತೆಗೆಯಬೇಕು. ವೇಗ ಇಳಿಸದೆ ತೆಗೆದರೆ, ಫಿಸ್ಟುಲಾದಲ್ಲಿ (ಡಯಾಲಿಸಿಸ್ ಸೂಜಿ ಚುಚ್ಚಲು ಜೋಡಿಸಿದ ರಕ್ತನಾಳ) ಶುದ್ಧವಾದ ರಕ್ತವೇ ಹಿಂದಿರುಗಿ ಬೆರೆತಿದ್ದಲ್ಲಿ, ಯೂರಿಯಾ ಸುಳ್ಳಾಗಿ ಕಡಿಮೆ ಕಾಣುತ್ತದೆ; ಕಾಗದದ ಮೇಲೆ 1.4, ಮೈಯಲ್ಲಿ 1.0. ಅರ್ಧ ಗಂಟೆ ತಡೆದು ತೆಗೆದರೆ ಕೋಶಗಳೊಳಗಿನ ಯೂರಿಯಾ ರಕ್ತಕ್ಕೆ ಮರಳಿ, ಅಂಕಿ 0.2ರಷ್ಟು ಕೆಳಗೆ ಬರುತ್ತದೆ. ನಿಜಕ್ಕೂ ಅಂಕಿ ಕಡಿಮೆ ಬಂದರೆ ಸೂಜಿಗಳು ತೀರ ಹತ್ತಿರವಿವೆಯೇ, ಅದಲುಬದಲಾಗಿವೆಯೇ, ಪಂಪಿನ ವೇಗ 300ರ ಬದಲು 200ರಲ್ಲೇ ಇದೆಯೇ, ಮರುಬಳಕೆಯ ಡಯಲೈಸರಿನ (ಯಂತ್ರದ ಸೋಸುಗ) ಒಳಗಾತ್ರ ಮೊದಲಿನ ಶೇಕಡಾ 80ಕ್ಕಿಂತ ಕೆಳಗಿಳಿದಿದೆಯೇ ಎಂದು ನೋಡಬೇಕು.

ನಮ್ಮ ಕೇಳಿಕೆ ಇಷ್ಟು. ಕ್ರಿಯಾಟಿನಿನ್ ಮಾಡುವ ಪ್ರತಿ ಲ್ಯಾಬೂ ಅದರ ಪಕ್ಕದಲ್ಲಿ ಇಜಿಎಫ್‌ಆರ್ ಅಚ್ಚು ಹಾಕಲಿ. ಸಕ್ಕರೆ ಮತ್ತು ಬಿಪಿಯವರ ವಾರ್ಷಿಕ ಪರೀಕ್ಷೆಯಲ್ಲಿ ಎಸಿಆರ್ ಸೇರಲಿ. ಡಯಾಲಿಸಿಸ್ ಪುಸ್ತಕದಲ್ಲಿ ತಿಂಗಳಿಗೊಮ್ಮೆ ಕೆಟಿ ಬೈ ವಿ ಬರೆದು ರೋಗಿಗೆ ಓದಿ ಹೇಳಲಿ. ಲ್ಯಾಬುಗಳನ್ನು ನೋಂದಾಯಿಸುವ ಕೇರಳದ 2018ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯಿದೆಯಡಿ ಮೊದಲನೆಯದನ್ನು ಕಡ್ಡಾಯ ಮಾಡುವ ಬಗ್ಗೆ ಜಿಲ್ಲಾಡಳಿತ ಯೋಚಿಸಲಿ. ಇವುಗಳ ಅರ್ಥ ಹೇಳುವ ಒಂದು ಹಾಳೆ ಮಲಯಾಳದ ಜೊತೆ ಕನ್ನಡದಲ್ಲೂ ಚೀಟಿಯ ಹಿಂಬದಿಗೆ ಬರಲಿ. ಭಾಷಾ ಅಲ್ಪಸಂಖ್ಯಾತರ ಹಕ್ಕು ಪಂಚಾಯತಿನ ಅರ್ಜಿ ನಮೂನೆಗೆ ಮಾತ್ರ ಸೀಮಿತವಲ್ಲ. ಹಾಳೆಯ ಕರಡು ಬರೆದುಕೊಡಲು ಗಡಿನಾಡಿನ ಕನ್ನಡ ಬಲ್ಲ ವೈದ್ಯರು, ವಿಜ್ಞಾನ ಮತ್ತು ಗಣಿತದ ಅಧ್ಯಾಪಕರು ಸಾಕಷ್ಟಿದ್ದಾರೆ. ಅದನ್ನು ತಮ್ಮ ಪತ್ರಿಕೆ ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ, ಕತ್ತರಿಸಿ ಇಟ್ಟುಕೊಳ್ಳುವಂತೆ ಒಂದು ಪುಟದ ಮೂಲೆಯಲ್ಲಿ ಪ್ರಕಟಿಸಬೇಕೆಂದು ವಿನಂತಿ.

— ಓದುಗರು, ಬದಿಯಡ್ಕ, ಕಾಸರಗೋಡು ಜಿಲ್ಲೆ